ಮೋಟಾರಿನ ಕೌದಿ

ನೀವು ನಂಬಂಗಿಲ್ಲ, ಬಿಡ್ರಿ. ನಮ್ಮ ಓಣ್ಯಾಗ ಕಣ್ಣಾರೆ ನೋಡಿದವರೇ ಈಗ ನಂಬಂಗಿಲ್ಲ. ಆದ್ರೂ ಹೇಳ್ತೇನಿ. ಯಾಕಂದ್ರ ನಿನ್ನಿ ಮಳ್ಯಾಗ ಹಗ್ಗದ ಮ್ಯಾಲ ಮರತು ಬಿಟ್ಟ ಹಾಸಗಿ ತೊಯ್ದು, ಇವತ್ತು ಮನಿ ತುಂಬ ಅದರ ವಾಸನಿ. ತೊಯ್ದ ಹಳೇ ಅರವಿ ವಾಸನಿ ಹ್ಯಾಂಗ ಇರ್ತದಂದ್ರ, ಎಮ್ಮಿ ಒಂದು ಪುಸ್ತಕ ತಿಂದು ತೇಗಿದಂಗ. ಆ ವಾಸನಿ ಬಂತಂದ್ರ ಸಾಕು, ನಮ್ಮ ಆಯಿ ಮೋಟಾರಿಗೆ ಕೌದಿ ಹೊಲಿದದ್ದು ನೆನಪಾಗ್ತದ.

ಹೌದ್ರಿ, ಮೋಟಾರಿಗೇ. ನಾ ಅಂದಿದ್ನಲ್ಲ, ನಂಬಂಗಿಲ್ಲಂತ.

ಆಯಿ ಅಂದ್ರ ನಮ್ಮಪ್ಪನ್ನ ಹಡದಾಕಿ. ಆಕಿ ಕಿವಿ ಎಂಥಾವಂದ್ರ, ಹಿತ್ತಲದಾಗ ಕುಂತಾಗ ನಾ ಅಡಗಿಮನ್ಯಾಗ ಬೆಲ್ಲದ ಡಬ್ಬಿ ಮುಟ್ಟಿದ್ರ, ಇನ್ನೂ ಮುಚ್ಚಳಾ ತಗದಿರಂಗಿಲ್ಲ, ಅಲ್ಲಿಂದಲೇ "ಇಡಲೇ ಕೆಳಗ" ಅಂತಿದ್ಲು. ಈ ಕಿವಿ ಮಾತು ನೆನಪಿಟ್ಟಗೋರಿ. ಅಂಥಾಕಿಗೇ ನಾ ಟೋಪಿ ಹಾಕಿದ್ದು.

ಮೋಟಾರು ಆಕಿ ಗಂಡಂದು, ಅಂದ್ರ ನಮ್ಮ ಮುತ್ಯಾಂದು. ಕಲಬುರ್ಗ್ಯಾಗ ಒಬ್ಬ ಮುದುಕ ಡಾಕ್ಟರು ಓಡಿಸಿ ಬಿಟ್ಟ ಹಳೇ ಕಾರನ್ನ ತಂದಿದ್ದ. ಕರೀ ಬಣ್ಣ, ದುಂಡ ಬೆನ್ನು, ಕೆಸರಿನ್ಯಾಗ ಮಲಗಿದ ಎಮ್ಮಿ ಹಂಗ. ಅದರ ಹಾರ್ನು ನಮ್ಮೂರು ನೆಲೋಗ್ಯಾಗ ಒತ್ತಿದ್ರ ಜೇವರ್ಗಿ ಬಸ್‌ಸ್ಟ್ಯಾಂಡಿನ್ಯಾಗ ಬಸ್ಸು ಬಾಜೂಕ ಸರೀತಿದ್ವು. ಭಾಳ ಆತೇನು? ಇರ್ಲಿ, ಊರ ಹೊರಗಿನ ಹಳ್ಳದ ತನಕ ಅಂತೂ ಖರೇ ಕೇಳ್ತಿತ್ತು.

ನಾಗರಪಂಚಮಿ ಬಂತಂದ್ರ ಎಲ್ಲಾ ಹೆಣ್ಣಮಕ್ಕಳನ್ನ ಅವರ ಅಣ್ಣತಮ್ಮರು ಬಂದು ತವರಿಗೆ ಕರಕೊಂಡು ಹೋಗ್ತಾರ. ಆಯಿಗೆ ಅಣ್ಣತಮ್ಮರು ಇದ್ದಿಲ್ಲ. ಅದಕ್ಕ ಮುತ್ಯಾನೇ ಆಕಿನ್ನ ಮುಂದಿನ ಸೀಟಿನ್ಯಾಗ ಕೂಡಿಸಿಕೊಂಡು ಆಳಂದ ಕಡೆ ಆಕಿ ತವರೂರು ಮಟಕಿ ತನಕ ಬಿಟ್ಟು ಬರ್ತಿದ್ದ. ಹೋಗೂಮುಂದ ಮುತ್ಯಾ ಓಡಸ್ತಿದ್ದ, ಬರೂಮುಂದ ದಾರಿ ಮ್ಯಾಲಿನ ಊರವರು ನೂಕ್ತಿದ್ರು. ಗಂಡ ಹೋಗಿ ಅಣ್ಣನ ಕೆಲಸಾ ಮಾಡಿದ್ದು ನಮ್ಮ ಓಣ್ಯಾಗ ಅದೊಂದೇ. ಮುತ್ಯಾ ತೀರಿಕೊಂಡ ಮ್ಯಾಲ ಅಪ್ಪ ವರ್ಷಕ್ಕೊಮ್ಮೆ, ಪಂಚಮಿಗಷ್ಟೇ, ಅದನ್ನ ಹೊರಗ ತಗೀತಿದ್ದ. ಆಯಿ ಮುಂದಿನ ಸೀಟಿನ್ಯಾಗ ಕುಂತ್ಳಂದ್ರ ಹಂಗೇ ಹದಿನೆಂಟು ವರ್ಷದಾಕಿ ಆಗ್ತಿದ್ಲು.

ನಾ ಏಳನೇ ಕ್ಲಾಸಿನ್ಯಾಗ ಇದ್ದಾಗ ಬ್ಯಾಸಿಗಿ ಗಾಳಿಗೆ ಮೋಟಾರಿನ ಛಪ್ಪರದ ತಗಡು ಹಾರಿ ಹೋದ್ವು. ಅಪ್ಪ ಹುಡುಕಿ ತಂದು ಎತ್ತಿನ ಕೊಟಗಿಗೆ ಬಡದ.

"ಎತ್ತು ಉಸರಾಡ್ತಾವ, ಮೋಟಾರು ಉಸರಾಡಂಗಿಲ್ಲ," ಅಂದ. "ನೋಡವ್ವಾ, ಪಂಚಮಿಗೆ ತಳಾ ತಪಾಸ ಮಾಡ್ತೇನಿ. ತುಕ್ಕು ಹಿಡದು, ಜಂಗು ತಿಂದು ತೂತ ಬಿದ್ದಿತ್ತಂದ್ರ ಹಳೇ ಕಬ್ಬಣದವನಿಗೆ ತೂಕಕ್ಕ ಹಾಕಿಬಿಡ್ತೇನಿ. ಆಮ್ಯಾಲ ಬಸ್ಸಿಗೆ ಹೋಗು."

ಆಯಿ ಎದ್ಲು. ಒಳಗ ಹೋಗಿ ಸಂದೂಕ ತಗದು, ಮುತ್ಯಾನ ಧೋತರ ಎಲ್ಲಾ ಹೊರಗ ಒಗದ್ಲು. "ಮನಿಶ್ಯಾನ್ನ ಕಾಯೂದು ಕೌದಿ. ಇದನ್ನ ಕಾಯಂಗಿಲ್ಲೇನು?"

ಮೂರು ವಾರ ನಮ್ಮ ಪಡಸಾಲ್ಯಾಗ ಓಣಿ ಹೆಣ್ಣಮಕ್ಕಳೆಲ್ಲಾ ಕುಂತು ಹೊಲಿದ್ರು. ಬಾಜೂ ಮನಿ ಬಾನು ಖಾಲಾ ತೀರಿಹೋದ ಗಂಡನ ಹಸರು ಶೇರವಾನಿ ತಂದ್ಲು. "ಆಯಿ, ಇದು ಮುಂದಿನ ಲೈಟಿನ ಮ್ಯಾಲ ಬರ್ಲಿರಿ. ಅವ್ರು ಈ ಗಾಡಿ ಸಪ್ಪಳಾ ಕೇಳಿದ್ರ ಊಟಾ ಬಿಟ್ಟು ಎದ್ದು ಬಂದು ನೋಡ್ತಿದ್ರು." ಎದುರು ಮನಿ ಗೌರಕ್ಕ ಮದುವಿ ಸೀರಿ ಕೊಟ್ಟು, ಅದು ಹಿಂದ ಡಿಕ್ಕಿ ಮ್ಯಾಲ ಬಂದದ್ದು ನೋಡಿ ಕೆರಳಿದ್ಲು. "ನನ್ನ ಸೀರಿಗೆ ಹಿಂದಿನ ಜಾಗಾನೇ ಸಿಕ್ತೇನ್ರೀ? ಬಾನೆಟ್ಟಿಗೆ ಹಾಕ್ರಿ, ಇಲ್ಲಂದ್ರ ಬಿಚ್ಚಿಕೊಡ್ರಿ!" ಬಾನೆಟ್ಟಿಗೇ ಹಾಕಿದ್ರು.

ಕಡೀ ಮೂಲಿ ಮುಚ್ಚೂ ಮೊದಲ ಆಯಿ ಒಳಗ ಒಂದು ತುಂಡು ಹೋಳಗಿ ಇಟ್ಟು ಹೊಲಿದ್ಲು. ಕೌದಿ ಹಸದು ಇರಬಾರದಂತ. ಕೌದಿ ಎಷ್ಟು ದೊಡ್ಡದಾತಂದ್ರ, ಈ ತುದ್ಯಾಗ ಮಳಿ ಬಂದ್ರ ಆ ತುದ್ಯಾಗ ಬಿಸಲು. ಅದನ್ನ ಹೊಚ್ಚಿದ ದಿನ ಮೋಟಾರು ಹಬ್ಬಕ್ಕ ಹೊಂಟ ಆನಿ ಹಂಗ ಕಂಡಿತು. ಬಸ್ಸಿನ ಕಂಡಕ್ಟರನೂ ಇಳದು ಬಂದು ನೋಡಿ ಹೋದ.

ಆಮ್ಯಾಲ ಮಳಿ ಬಂತು.

ಕೌದಿ ಬೆಚ್ಚಗ ಅನ್ನೂದು ಎಲ್ಲಾರಿಗೂ ಗೊತ್ತಿತ್ತು. ಅದನ್ನ ಮಳ್ಯಾಗ ಹೊಚ್ಚಿದವರು ಯಾರೂ ಇದ್ದಿಲ್ಲ. ನಮ್ಮ ಎರಿ ಹೊಲಾ ನೀರು ಕುಡದಂಗ ಕುಡೀತು. ಹೊರಗ ಮಳಿ ನಿಂತು ಎರಡ ದಿನ ಆದ್ರೂ ಕೌದ್ಯಾಗ ಮಳಿ ನಿಂತಿದ್ದಿಲ್ಲ. ಒಂದಿನ ಚೆಂಡು ಹುಡಕಾಕ ಹೋಗಿ ಅದರ ಕೆಳಗ ಕೈ ಹಾಕಿದೆ. ಬಾನೆಟ್ಟಿನ ಬಣ್ಣ ಎಣ್ಯಾಗಿನ ಹಪ್ಪಳದಂಗ ಗುಳ್ಳಿ ಎದ್ದಿತ್ತು. ಕೈ ತಗದ್ರ ಬೆರಳೆಲ್ಲಾ ಕೆಂಪು. ಜಂಗು.

ನಾ ಎಲ್ಲಾದಕ್ಕೂ ನಗೂ ಮನಿಶ್ಯಾ, ಅಂದು ನಗಲಿಲ್ಲ. ಅಪ್ಪಗ ಹೇಳಿದ್ರ ಮೋಟಾರು ಹೋಗ್ತದ. ಆಯಿಗೆ ಏನಂತ ಹೇಳೂದು? "ನೀ ಕಾಯಾಕ ಹೊಚ್ಚಿದ್ದೇ ಅದನ್ನ ತಿನ್ನಾಕತ್ತದ" ಅಂತಲೇನು? ಪಂಚಮಿಗೆ ಇನ್ನ ತಿಂಗಳೂ ಇದ್ದಿಲ್ಲ. ಕೌದಿ ಇಳೀಬೇಕು, ಯಾಕಂತ ಆಯಿಗೆ ತಿಳೀಬಾರದು. ಇಂಥಾ ಕೆಲಸಕ್ಕ ಊರಾಗ ಒಬ್ಬನೇ ತಜ್ಞ ಇದ್ದ. ಯಾರಂತ ನಾ ಹೇಳೂದು ಚಂದ ಕಾಣಂಗಿಲ್ಲ.

ಮೊದಲ, ಕೌದ್ಯಾಗ ಹಾವು ಹೊಕ್ಕದ ಅಂತ ಚೀರಿದೆ. ಕೌದಿ ತಗೀತಾರ ಅಂದುಕೊಂಡಿದ್ದೆ. ಓಣಿ ಗಂಡಸರೆಲ್ಲಾ ಬಡಿಗಿ ತಂದು ಕೌದಿ ಹೊಚ್ಚಿದಂಗೇ ಮೋಟಾರು ಬಡದ್ರು. ಜಂಗು ಮಾಡದ ಕೆಲಸಾ ಅವರು ಮಾಡಿದ್ರು. ಹಿಂದಿನ ಬಾಗಲಾ ಇನ್ನೂ ನೆಗ್ಗೇ ಅದ.

ಆಮ್ಯಾಲ, ಬಣ್ಣಬಣ್ಣದ ಅರವಿಗೆ ಸಿಡಲ ಬಡೀತದಂತ ಮಾಸ್ತರು ಹೇಳ್ಯಾರ ಅಂದೆ.

"ನಿಮ್ಮ ಮಾಸ್ತರನ ಹೆಂಡತಿ ದಿನಾ ಇಲಕಲ್ ಸೀರಿ ಉಟ್ಟು ತಿರಗ್ತಾಳಲ್ಲ, ಆಕಿಗೆ ಬಡದದೇನಲೇ?" ಅಂದ್ಲು ಆಯಿ.

ಕಡೀಕ ದೊಡ್ಡ ಸುಳ್ಳು ತಗದೆ. ಒಂದು ಮುಂಜಾನೆ ಆಯಿ ಜ್ವಾಳಾ ಹಸನ ಮಾಡಾಕತ್ತಿದ್ಲು. ಕಣ್ಣಿಗೆ ಉಳ್ಳಾಗಡ್ಡಿ ತಿಕ್ಕಿಕೊಂಡು ಹೋಗಿ ಮುಂದ ಕುಂತೆ.

"ಆಯಿ, ಮುತ್ಯಾ ಕನಸಿನ್ಯಾಗ ಬಂದಿದ್ದ. ಥಂಡಿಗೆ ಗಡಗಡ ನಡಗಾಕತ್ತಿದ್ದ. ಮೋಟಾರಿಗೆ ಕೌದಿ ಹೊಚ್ಚೀರಿ, ನನಗ ಯಾರು ಹೊಚ್ಚವರು ಅಂದ."

ಆಯಿ ಜ್ವಾಳದ ಮೊರ ಕೆಳಗಿಟ್ಲು. ನನ್ನ ಮಾರಿ ಭಾಳ ಹೊತ್ತು ನೋಡಿದ್ಲು. ಉಳ್ಳಾಗಡ್ಡಿ ವಾಸನಿ ಆಕಿ ಮೂಗಿಗೆ ಹೋತೇನೋ ಅಂತ ನಾ ಒಂದೀಟು ಹಿಂದ ಸರದೆ.

"ಜೋರ ಹೇಳು," ಅಂದ್ಲು.

ಹೇಳಿದೆ.

"ಇನ್ನೂ ಜೋರ. ಹೊರಗ ಕಟ್ಟಿ ಮ್ಯಾಲ ನಿಂತು ಹೇಳು."

ಕಟ್ಟಿ ಮ್ಯಾಲ ನಿಂತು ಹೇಳಿದೆ. ಬಾನು ಖಾಲಾ ಹೊರಗ ಬಂದ್ಲು, ಗೌರಕ್ಕ ಸೆರಗಿಲೆ ಕಣ್ಣು ಒರಸಿಕೊಂಡ್ಲು. ಮಂದಿ ಕೂಡಿದಂಗ ನನ್ನ ಮುತ್ಯಾ ಇನ್ನೂ ಹೆಚ್ಚ ನಡಗಾಕತ್ತಿದ.

"ಕೇಳಿದ್ರೇನ್ರವ್ವಾ?" ಅಂತ ಆಯಿ ಓಣಿಗೆಲ್ಲಾ ಕೇಳಿದ್ಲು. "ಯಜಮಾನರಿಗೆ ಥಂಡಿ ಅಂತ. ನಡೀರಿ."

ತೊಯ್ದ ಕೌದಿ ಎತ್ತಾಕ ಎಂಟು ಮಂದಿ ಹತ್ತಿದ್ರು. ಬಂಡ್ಯಾಗ ಹೇರಿ ಹೊಲಕ್ಕ ಒಯ್ದು, ಮುತ್ಯಾನ್ನ ಮಣ್ಣು ಮಾಡಿದ ಗದ್ದಿಗಿ ಮ್ಯಾಲ ಹೊಚ್ಚಿದ್ರು. "ದರ್ಗಾಕ್ಕ ಚಾದರ ಹಾಕಿದಂಗ ಆತು ನೋಡ್ರಿ ಆಯಿ," ಅಂದ್ಲು ಬಾನು ಖಾಲಾ. ಆಯಿ ಹೋಳಗಿ ಇದ್ದ ಮೂಲಿ ಹುಡುಕಿ ತಲಿ ಕಡೆ ತಿರಿವಿದ್ಲು. "ಅವರಿಗೆ ಹೋಳಗಿ ಸೇರ್ತದ." ನನಗ ಒಳಗ ನಗು ಬರಬೇಕಾಗಿತ್ತು. ನನ್ನ ಸುಳ್ಳು ಅಷ್ಟು ಅಗಲಾಗಿ, ಬಣ್ಣಬಣ್ಣದ್ದಾಗಿ ಮಣ್ಣಿನ ಮ್ಯಾಲ ಬಿದ್ದಿತ್ತು, ಅದರ ಸುತ್ತ ಎಲ್ಲಾರೂ ಕೈ ಮುಗದು ನಿಂತಿದ್ರು. ನಾನೂ ಮುಗದೆ.

ಅವತ್ತಿಂದ ಆಯಿ ನನ್ನ ಕೈಯಾಗ ಒಣಾ ಅರವಿ ಕೊಟ್ಲು. "ಹೊಚ್ಚಾಕ ಏನೂ ಇಲ್ಲ ಈಗ, ಒರಸು." ಪ್ರತಿ ಮಳಿ ನಿಂತ ಮ್ಯಾಲ ಬಾಗಲಾ ತಗದು ಗಾಳಿ ಆಡಸೂದು, ಒರಸೂದು, ಗುಳ್ಳಿ ಎದ್ದಲ್ಲಿ ಕುಸುಬಿ ಎಣ್ಣಿ ಹಚ್ಚೂದು. ಪಂಚಮಿ ಮುಂಜಾನೆ ಅಪ್ಪ ಮೋಟಾರಿನ ಕೆಳಗ ಮಲಗಿ ಸ್ಕ್ರೂ ತಿರವೂ ಪೇಚಕಸ್‌ಲೆ ತಳಾ ಎಲ್ಲಾ ಚುಚ್ಚಿ ನೋಡಿದ. ಆಯಿ ಹೊಸ ಸೀರಿ ಉಟ್ಟು ಬಾಜೂಕ ನಿಂತಿದ್ಲು. ಚುಚ್ಚಿದಲ್ಲೆಲ್ಲಾ ಟಣ್ ಟಣ್. ಅಪ್ಪ ಎದ್ದು ಅಂಗಿ ಜಾಡಿಸಿಕೊಂಡ. "ಹತ್ತವ್ವಾ," ಅಂದ.

ಆಮ್ಯಾಲ ಆಯಿ ಇನ್ನೂ ಮೂರು ಪಂಚಮಿಗೆ ಅದೇ ಸೀಟಿನ್ಯಾಗ ಕುಂತು ಹೋದ್ಲು. ಈಗ ಆಕಿ ಮುತ್ಯಾನ ಬಾಜೂಕ ಮಲಗ್ಯಾಳ. ನಾ ಜೇವರ್ಗಿ ಕಾಲೇಜಿಗೆ ಹೋಗ್ತೇನಿ. ಮೀಸಿ ಬಂದದ, ದೂರಿಂದ ಕಾಣಂಗಿಲ್ಲ ಅಷ್ಟೇ. ಆಯಿಯಂಥಾ ಆಯಿಗೆ ಟೋಪಿ ಹಾಕಿದ ಈ ಕಥಿ ಹೇಳಿ ಹೇಳಿ ಕಾಲೇಜಿನ್ಯಾಗ ನನಗ ಒಂದು ಇಜ್ಜತ್ ಅದ. ಇವತ್ತು ಬರದೇ ಇಡಬೇಕಂತ ಕುಂತು ಇಲ್ಲೀತನಕ ಬಂದೆ. ಓಣ್ಯಾಗ ನನ್ನಷ್ಟು ಶಾಣ್ಯಾ ಇನ್ನೊಬ್ಬ ಹುಟ್ಟಿಲ್ಲ ಅಂತ ಕಡೀ ಸಾಲು ಬರ್ಯಾಕ ಪೆನ್ನು ಎತ್ತಿದ್ದೆ, ಅಷ್ಟರಾಗ ಅವ್ವ ಬಂದ್ಲು. ಬೆನ್ನ ಹಿಂದ ನಿಂತು, ಬೆರಳಿಟ್ಟು ಒಂದೊಂದೇ ಅಕ್ಷರ ಓದಿ ನಕ್ಕಳು.

"ಯಾಕ ನಗ್ತಿ?"

"ಆಯಿಗೆ ಗೊತ್ತಿದ್ದಿಲ್ಲ ಅಂದಿಯೇನು? ನೀ ಕನಸು ಹೇಳೂ ಹಿಂದಿನ ದಿನಾ ಸಂಜಿಗೇ ಬಂದು ನನಗ ಕೈ ತೋರಿಸಿದ್ಲು. ಐದೂ ಬೆರಳಿಗೆ ಜಂಗು."

"ಗೊತ್ತಿದ್ರ ಆಕಿನೇ ತಗೀಬೇಕಿಲ್ಲ?"

"ಹ್ಯಾಂಗ ತಗೀತಾಳಲೇ? ಗೌರಕ್ಕನ ಮದುವಿ ಸೀರಿ, ಬಾನೂನ ಗಂಡನ ಶೇರವಾನಿ. ನಿಮ್ಮ ಅರವಿ ನನ್ನ ಮೋಟಾರು ತಿಂತು ಅಂತ ಅವರ ಮಾರಿ ಮುಂದ ಅಂತಾಳೇನು? ರಾತ್ರೆಲ್ಲಾ ಹೊರಳ್ಯಾಡಿದ್ಲು. ಮುಂಜಾನೆ ನೀ ಉಳ್ಳಾಗಡ್ಡಿ ವಾಸನಿ ಹೊಡಕೋತ ಬಂದು ಕನಸು ಹೇಳಿದಿ. ಓಣಿಗೆಲ್ಲಾ ಕೇಳೂಹಂಗ ಹೇಳಿಸಿ, ಒಳಗ ಬಂದು ಬಾಯಿಗೆ ಸೆರಗು ತುರಕಿಕೊಂಡು ನಕ್ಕಾಳ, ನಕ್ಕಾಳ."

ಇದನ್ನೂ ನೀವು ನಂಬಂಗಿಲ್ಲ.

"ಮತ್ತ ನನಗ್ಯಾಕ ಇಷ್ಟು ದಿನಾ ಹೇಳಲಿಲ್ಲ?"

"ಆಕಿನೇ ಬ್ಯಾಡ ಅಂದಿದ್ಲು. ಹುಡುಗ ಭಾಳ ಚಂದ ಹೇಳ್ತಾನ, ಕೆಡಸಬ್ಯಾಡ್ರಿ ಅಂತ. ನೀ ಗೆಳ್ಯಾರ ಮುಂದ ಹೇಳೂಮುಂದೆಲ್ಲಾ ಆ ಬಾಗಲಾ ಸಂದ್ಯಾಗ ನಿಂತು ಕೇಳ್ತಿದ್ಲು."

ಬಾಗಲಾ ಕಡೆ ನೋಡಿದೆ. ಸಂದ್ಯಾಗ ಬರೇ ಬೆಳಕಿತ್ತು.

ಅವ್ವ ನನ್ನ ಕೈಯಾಗಿನ ಪೆನ್ನು ಇಸಗೊಂಡು ಟೋಪಿ ಹಾಕಿದ್ಲು. ಹೆಗಲ ಮ್ಯಾಲಿನ ಒಣಾ ಅರವಿ ತಗದು ಕೈಯಾಗ ಇಟ್ಲು.

"ಬರದದ್ದು ಸಾಕು, ಏಳು. ಮಳಿ ನಿಂತದ. ನಾಳಿ ಪಂಚಮಿಗೆ ನಾ ಮೋಟಾರಿನ್ಯಾಗ ತವರಿಗೆ, ಅತನೂರಿಗೆ ಹೋಗಬೇಕು. ಮೊದಲ ಬಾಗಲಾ ಎಲ್ಲಾ ತಗಿ, ಗಾಳಿ ಆಡ್ಲಿ. ಆಮ್ಯಾಲ ಒರಸು."