ಕೂಡಿಸಿ ಕಟ್ಟಿದ ಬೆರಳು

ನಾನು ಇಂಟರ್ ಪರೀಕ್ಷೆ ಬರೆದ ಬೇಸಿಗೆಯಲ್ಲಿ ಧಾರವಾಡದ ಹತ್ತಿರದ ಮುಗದ ಊರಿನ ಆಚೆಯ ಒಂದು ಹಳ್ಳಿಗೆ ಬೆಂಕಿ ಬಿತ್ತು. ಹುಲ್ಲು ಹೊದಿಸಿದ ಮನೆಗಳು, ಮೇಲೆ ಗಾಳಿ. ಮಧ್ಯಾಹ್ನದೊಳಗೆ ಓಣಿಗೆ ಓಣಿಯೇ ಬೂದಿಯಾಯಿತು. ಮಿಶನ್ ದವಾಖಾನೆಯವರು ಅಲ್ಲಿಯ ಸಾಲೆಯಲ್ಲಿ ಶಿಬಿರ ಹೂಡಿ, ಕೈಜೋಡಿಸಲು ಹುಡುಗಿಯರು ಬೇಕೆಂದು ನಮ್ಮ ಕಾಲೇಜಿಗೆ ಹೇಳಿ ಕಳಿಸಿದರು. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು. ಸೇವೆಯ ಹಂಬಲ ಅರ್ಧ, ಧಾರವಾಡದ ಬಿಸಿಲಲ್ಲಿ ಕೂತು ಹಪ್ಪಳ ಒತ್ತುವುದು ತಪ್ಪೀತೆಂಬ ಆಸೆ ಅರ್ಧ.

"ಹೋಗು, ಆದರ ಬಂದಕೂಡಲೆ ಮೊದಲ ಬಚ್ಚಲಮನಿ. ಹಂಗಽ ಅಡಗೀಮನ್ಯಾಗ ಕಾಲಿಟ್ಟೀ ನೋಡು" ಎಂದು ಅವ್ವ ಎಚ್ಚರಿಸಿದಳು.

ನನಗೆ ಕೊಟ್ಟ ಕೆಲಸ ನೋಡಿ ಮುಖ ಸಣ್ಣದಾಯಿತು. ಗಾಯದ ಪಟ್ಟಿಗಳನ್ನು ತೊಳೆದು, ಕುದಿಸಿ, ಒಣಗಿಸಿ ಸುತ್ತಿಡಬೇಕು. ಗಾಯ ಮುಟ್ಟುವಂತಿಲ್ಲ. ಶಿಬಿರ ನಡೆಸುತ್ತಿದ್ದವರು ನರ್ಸ್ ಬಾಯಾರು. ಐವತ್ತರ ಆಸುಪಾಸಿನ ಕ್ರಿಶ್ಚನ್ ಹೆಣ್ಣುಮಗಳು, ನಮ್ಮ ಕಡೆಯವರೇ, ಮಾತು ಕಡಿಮೆ. ಬೆಳಿಗ್ಗೆ ಕೆಲಸ ಹಿಡಿಯುವ ಮುನ್ನ ಕಣ್ಣು ಮುಚ್ಚಿ, ಮನೆಯ ಹಿರಿಯರೊಡನೆ ಮಾತಾಡಿದ ಹಾಗೆ ದೇವರೊಡನೆ ಮಾತಾಡುತ್ತಿದ್ದರು. ನಾನು ಮಾತ್ರ ಕಣ್ಣು ಬಿಟ್ಟುಕೊಂಡೇ ನಿಂತು, ಬೇರೆ ಯಾರು ಬಿಟ್ಟಿದ್ದಾರೆಂದು ನೋಡುತ್ತಿದ್ದೆ.

ಶಿಬಿರದಲ್ಲಿ ಒಬ್ಬ ಕೂಲಿ ಹೆಂಗಸಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ಇದ್ದದ್ದೊಂದು ಎಮ್ಮೆ. ಉರಿಯುವ ಕೊಟ್ಟಿಗೆಯಲ್ಲಿ ಅದರ ಹಗ್ಗ ಬಿಚ್ಚಲು ಹೋಗಿ ಬಲಗೈ ಸುಟ್ಟುಕೊಂಡಿದ್ದಳು. ಎಮ್ಮೆಯ ಮೈಮೇಲೆ ಒಂದು ಕೂದಲೂ ಕೊಂಕಿರಲಿಲ್ಲ. ಅದು ಸಾಲೆಯ ಅಂಗಳದಲ್ಲಿ ಆರಾಮಾಗಿ ಮೆಲುಕು ಹಾಕುತ್ತಿತ್ತು.

"ಬೆರಳು ಮೊದಲಿನಂಗ ಆಗತಾವಿಲ್ರಿ ಬಾಯಾರ? ಕಳೇ ತಗಿಯಾಕ ಬೆರಳು ಬೇಕಲ್ರಿ. ಇಲ್ಲಂದ್ರ ಹೊಲಕ್ಕ ನನ್ನ ಯಾರು ಕರೀತಾರ?" ದಿನವೂ ಅವಳದು ಇದೇ ಪ್ರಶ್ನೆ.

"ನಾ ಹೇಳಿದಂಗ ಕೇಳಿದ್ರ ಆಗತಾವ" ಎಂದು ಬಾಯಾರ ಉತ್ತರ.

ಒಂದು ದಿನ ಬಾಯಾರು ತೀರ ಜಡ್ಡಾದ ಒಂದು ಮಗುವನ್ನು ಜೀಪಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ದರು. ಅಂದೇ ಆ ಹೆಂಗಸಿನ ಪಟ್ಟಿ ಎಮ್ಮೆಯ ಬಕೀಟಿನಲ್ಲಿ ಅದ್ದಿ ಒದ್ದೆಯಾಯಿತು. ಇಂಥ ಅವಕಾಶಕ್ಕೇ ನಾನು ಕಾದಿದ್ದೆ. ಹೊಸ ಪಟ್ಟಿ ತಂದು, ನಾಲ್ಕೂ ಬೆರಳು ಕೂಡಿಸಿ, ಬಿಗಿಯಾಗಿ ಸುತ್ತಿ, ಮೇಲೊಂದು ಚೆಂದದ ಗಂಟು ಹಾಕಿದೆ. ತಮ್ಮನ ಕೈಗೆ ಪೆಟ್ಟಾದಾಗ ಮನೆಯಲ್ಲಿ ಹಾಗೇ ಕಟ್ಟುತ್ತಿದ್ದೆವು. ಬಾಯಾರು ಬೆರಳು ಬೆರಳಿನ ನಡುವೆ ವ್ಯಾಸಲೀನ್ ಸವರಿದ ಬಟ್ಟೆ ಇಡುವುದನ್ನು ನಾನು ದಿನವೂ ನೋಡಿದ್ದೆ. ಯಾಕೆಂದು ಕೇಳಿರಲಿಲ್ಲ.

ಮೂರನೆಯ ದಿನ ಬಾಯಾರು ಬಂದು ಪಟ್ಟಿ ಬಿಚ್ಚಿದರೆ, ಹಸಿಗಾಯದ ಉಂಗುರಬೆರಳು, ಕಿರುಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು.

"ಯಾರು ಕಟ್ಟಿದ್ದು ಇದನ್ನ?"

ಆ ಹೆಂಗಸೇ ಅಂದಳು, "ನಾನಽ ಕಟಗೊಂಡೇನ್ರಿ. ಒದ್ದಿ ಆಗಿತ್ತು."

"ಬೆರಳು ಕಳಕೊಳ್ಳಾಕ ಇಷ್ಟು ಸಾಕು ನೋಡು!" ಎಂದು ಬಾಯಾರು ಅವಳನ್ನು ಗದರಿಸಿದರು. ಅವಳು ತಲೆ ತಗ್ಗಿಸಿ ಕೂತಳು. ಕುದಿಸಿ ಆರಿಸಿದ ಉಪ್ಪುನೀರಲ್ಲಿ ಕೈ ನೆನೆಸಿ ಬೆರಳು ಬಿಡಿಸುವಾಗ ಸೆರಗನ್ನು ಕಚ್ಚಿ ಹಿಡಿದಿದ್ದಳು. ಬೋಗುಣಿ ಹಿಡಿದಿದ್ದವಳು ನಾನು. ಮನೆಯಲ್ಲಿ ಒಂದಕ್ಕೆ ಎರಡು ಆಡುವ ಬಾಯಿಂದ ಅಂದು ಒಂದು ಮಾತೂ ಹೊರಡಲಿಲ್ಲ. ಆ ಹೇಡಿತನ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನದ ಪ್ರಾರ್ಥನೆಯಲ್ಲಿ ಬಾಯಾರು ಎಲ್ಲರ ನೋವನ್ನೂ ದೇವರ ಮುಂದಿಟ್ಟರು. ಕೊನೆಗೆ, "ಆ ಕೈ ಕಟ್ಟಿದ ಕೂಸಿಗೂ ಧೈರ್ಯಾ ಕೊಡಪಾ, ತಂದೀ" ಅಂದರು.

ಪ್ರಾರ್ಥನೆಯ ನಡುವೆಯೇ ನಾನು ಗೊಳೋ ಎಂದು ಅತ್ತೆ. "ನಾನಽ ಕಟ್ಟಿದ್ದು ಬಾಯಾರ."

"ಗೊತ್ತೈತಿ. ಬರೇ ಎಡಗೈಲೆ ಅಂಥಾ ಗಂಟು ಯಾರಿಗೂ ಹಾಕಾಕ ಬರಂಗಿಲ್ಲ."

ಮನೆಗೆ ಅಟ್ಟುತ್ತಾರೆಂದುಕೊಂಡೆ. ಅವರು ಅಂದದ್ದೇ ಬೇರೆ. "ಇನ್ನ ಆ ಕೈ ನಿಂದು. ಹೆಂಗ ಕಟ್ಟಬೇಕು, ಕಲಸ್ತೀನಿ. ಗಾಯಾ ಮಾದ ಮ್ಯಾಲೆ ದಿನಾ ಬಿಸಿನೀರಾಗಿಟ್ಟು ಒಂದೊಂದಽ ಬೆರಳು ಮಡಚಿಸು. ಅಳತಾಳ, ಬೈತಾಳ. ಬಿಡಬ್ಯಾಡ."

ಆ ಹೆಂಗಸಿನ ಬಳಿ ಹೋಗಿ ಕೂತೆ. "ನನ್ನ ತಪ್ಪು ನಿಮ್ಮ ಮ್ಯಾಲೆ ಯಾಕ ಹಾಕ್ಕೊಂಡ್ರಿ ಯಕ್ಕಾ?"

"ಎಷ್ಟು ಖುಷೀಲೆ ಕಟ್ಟಿದ್ದಿಯಲ್ಲಾ ತಂಗಿ! ಅವ್ರು ಬೈದಿದ್ರ ನೀ ಮತ್ತ ಬರತಿದ್ದೇನು?"

ಖರೇ ಹೇಳಬೇಕೆಂದರೆ, ಬರುತ್ತಿರಲಿಲ್ಲ. ಅಭಿಮಾನ ಮುರಿದು ಮನೆ ಸೇರಿ, ಬಡವರಿಗೆ ಉಪಕಾರ ಮಾಡಹೋದರೆ ಹೀಗೇ ಎಂದು ಜನ್ಮವಿಡೀ ಹೇಳಿಕೊಂಡು ತಿರುಗುತ್ತಿದ್ದೆ. ಹಾಗಾಗದಂತೆ ನನ್ನನ್ನು ಉಳಿಸಿದವರು ಆ ಇಬ್ಬರು ಹೆಣ್ಣುಮಕ್ಕಳು. ಅವರನ್ನು ನೆನೆದಾಗಲೆಲ್ಲ ನನ್ನ ಕೈಗಳು ತಾವಾಗಿ ಕೂಡಿಕೊಳ್ಳುತ್ತವೆ.

ಗಾಯ ಮಾದ ಮೇಲೆ ದಿನವೂ ಬೆರಳು ಮಡಚಿಸಿದೆ. ಅವಳು ಬೈದಳು ನೋಡಿ, ಅಂಥ ಬೈಗುಳ ನಾನು ಕೇಳಿಯೇ ಇರಲಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಅಂಗಳದ ಹುಲ್ಲನ್ನು ಅದೇ ಕೈಯಿಂದ ಬೇರುಸಹಿತ ಕಿತ್ತು ನನ್ನ ಮುಂದೆ ಹಿಡಿದಳು. ಆಮೇಲೆ ಎಮ್ಮೆಗೆ ಹಾಕಿದಳು.

ಕಾಲೇಜು ಶುರುವಾಗುವ ಮುನ್ನ ಕೊನೆಯ ಸಲ ಹೋದಾಗ ನನ್ನನ್ನು ಹತ್ತಿರ ಕರೆದಳು. ಎರಡೂ ಕೈಗಳಿಂದ ನನ್ನ ಕೆನ್ನೆ ನೀವಿ, ಆ ಕೈಗಳನ್ನು ತನ್ನ ತಲೆಯ ಎರಡೂ ಬದಿಗೆ ಒತ್ತಿ ಲಟಿಕೆ ಮುರಿದಳು. ಬೆರಳುಗಳು ಲಟಲಟನೆ ಸದ್ದು ಮಾಡಿದವು. ಬಲಗೈಯ ಕಿರುಬೆರಳು ಮಾತ್ರ ಮಡಚದೆ ಅವಳ ಕಿವಿಯ ಪಕ್ಕ ನೆಟ್ಟಗೆ ನಿಂತಿತ್ತು. ನನ್ನ ಕಣ್ಣು ಅದರ ಮೇಲೇ ಇತ್ತು.

"ಅದನ್ನೇನ ನೋಡತೀ?" ಅಂದಳು. "ನಿನ್ನ ದೃಷ್ಟಿ ತಗಿಯಾಕ ಉಳದ ಬೆರಳು ಸಾಕವಾ."