ಮೊದಲ ಕೈ ಯಾರದು

ನಮ್ಮ ಮನೆಯಲ್ಲಿ ಯಾರೂ ಮಾತನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಇದು ಶಿಸ್ತಿನ ವಿಷಯವಲ್ಲ, ನನ್ನ ದೌರ್ಬಲ್ಯದ ವಿಷಯ. ಅಡುಗೆಮನೆಯಿಂದ ನನ್ನ ಹೆಂಡತಿ "ನಾಳೆ ತಿಪಟೂರಿಗೆ ಹೋದಾಗ ಒಂದು..." ಎಂದು ಶುರುಮಾಡಿ, ಉಕ್ಕುವ ಹಾಲನ್ನು ಇಳಿಸುವ ಅವಸರದಲ್ಲಿ ಸುಮ್ಮನಾದರೆ ಸಾಕು, ನಾನು ಕೈಯಲ್ಲಿದ್ದ ಪೇಪರನ್ನು ಬಿಸಾಡಿ ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತೇನೆ. ಮದುವೆಯಾದ ಹೊಸದರಲ್ಲಿ ಅವಳು ಬೆಚ್ಚುತ್ತಿದ್ದಳು, ಆಮೇಲಾಮೇಲೆ ನಗುತ್ತಿದ್ದಳು, ಈಗ ತಿರುಗಿಯೂ ನೋಡದೆ "ಇದ್ದೀನಿ ಕಣ್ರೀ, ಸೌಟು ಹುಡುಕ್ತಿದ್ದೆ" ಎನ್ನುತ್ತಾಳೆ. ನಾನು ಏನೂ ಆಗದವನಂತೆ ಒಂದು ಲೋಟ ನೀರು ಕುಡಿದು ವಾಪಸಾಗುತ್ತೇನೆ. ನಿಮಗೂ ಇಂಥದೊಂದು ಚಾಳಿ ಇರಬಹುದು. ಇದ್ದರೆ ಅದರ ಹಿಂದೆ ಒಂದು ದಿನವೂ ಇದ್ದೇ ಇರುತ್ತದೆ. ನನ್ನ ಚಾಳಿಯ ಹಿಂದಿರುವುದು ಒಂದು ಸೋಮವಾರ.

ಸೋಮವಾರ ನಮ್ಮ ಕಡೆ ಎತ್ತಿಗೆ ನೊಗ ಹಾಕುವುದಿಲ್ಲ. ಅದು ಬಸವನ ದಿನ. ಎತ್ತುಗಳು ಕೊಟ್ಟಿಗೆಯಲ್ಲಿ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿದ್ದರೆ, ಎತ್ತಿಲ್ಲದ ದಿನ ಏನು ಮಾಡುವುದೆಂದು ತೋಚದ ಮನುಷ್ಯರು ಕೊಬ್ಬರಿ ರೇವಣ್ಣನ ಅಂಗಡಿ ಜಗಲಿಯ ಮೇಲೆ ಸೇರುತ್ತಿದ್ದರು. ಹಾಗೆ ಸೇರಿದವರೇ ನಮ್ಮೂರ ಸಮಿತಿ. ಪಂಚಾಯಿತಿ ಬೇರೆ, ಅದಕ್ಕೆ ಚುನಾವಣೆ, ಕುರ್ಚಿ, ಮೊಹರು ಎಲ್ಲ ಇದ್ದವು. ಸಮಿತಿಗೆ ಬೋರ್ಡೂ ಇರಲಿಲ್ಲ, ಅಧ್ಯಕ್ಷನೂ ಇರಲಿಲ್ಲ. ಸ್ಕೂಲಿನ ಹೆಂಚು ಜಾರಿದರೆ, ಕೆರೆಗೆ ಬರುವ ಕಾಲುವೆಯಲ್ಲಿ ಮುಳ್ಳು ಬೆಳೆದರೆ, ಹೆರಿಗೆಯ ಹೆಂಗಸನ್ನು ತುರುವೇಕೆರೆ ಆಸ್ಪತ್ರೆಗೆ ಒಯ್ಯಬೇಕಾದ ಗಾಡಿದಾರಿಯಲ್ಲಿ ಗುಂಡಿ ಬಿದ್ದರೆ ಅದು ಸಮಿತಿಯ ಕೆಲಸ. ಕೂಲಿಯಿಲ್ಲ, ಹಾರವಿಲ್ಲ, ಮಧ್ಯಾಹ್ನಕ್ಕೆ ಯಾರ ಮನೆಯಿಂದಲೋ ಮುದ್ದೆ ಬರುತ್ತಿತ್ತು.

ಅವರಿಗಿದ್ದದ್ದು ಒಂದೇ ಒಂದು ಕಟ್ಟಳೆ. ಯಾವ ಕೆಲಸವಾಗಬೇಕೆಂದು ಯಾರು ಹೇಳುತ್ತಾನೋ ಅವನದೇ ಮೊದಲ ಕೈ. ದಾರಿಗೆ ಮಣ್ಣು ಹಾಕಬೇಕೆಂದವನು ಮೊದಲ ಪುಟ್ಟಿ ಹೊರಬೇಕು. ಹೆಂಚು ಸರಿಮಾಡಬೇಕೆಂದವನು ಮೊದಲು ಏಣಿ ಹತ್ತಬೇಕು. ಉಳಿದವರು ಅವನ ಹಿಂದೆ. ಇದರಿಂದಾಗಿ ನಮ್ಮೂರಲ್ಲಿ ಸಲಹೆಗಳ ಫಸಲು ಸ್ವಲ್ಪ ಕಡಿಮೆ, ಆದರೆ ಬಿದ್ದ ಕಾಯಿ ಎಲ್ಲವೂ ಗಟ್ಟಿ. ತಿಪಟೂರು ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿ ಬಂದಿದ್ದ ನನಗೆ ಆಗ ಇದೊಂದು ತಮಾಷೆಯಾಗಿ ಕಂಡಿತ್ತು. ಹೇಳುವುದಕ್ಕೆ ತಲೆ ಬೇಕು, ಇಳಿಯುವುದಕ್ಕೆ ಮೈ ಬೇಕು, ಎರಡನ್ನೂ ಒಬ್ಬನಿಗೇ ಯಾಕೆ ಕಟ್ಟಬೇಕು ಎಂದು ನಾನು ವಾದಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ಊರಿನ ಬೋರಿಂಗು ಕೈಕೊಟ್ಟಿತು. ಹಿಡಿ ಒತ್ತಿದರೆ ಕಬ್ಬಿಣ ಕೆಮ್ಮುತ್ತಿತ್ತೇ ಹೊರತು ನೀರು ಬರುತ್ತಿರಲಿಲ್ಲ. ಹೆಂಗಸರು ಒಂದು ಮೈಲಿ ನಡೆದು ತೋಟವೊಂದರ ಪಂಪಿನಿಂದ ಕುಡಿಯುವ ನೀರು ಹೊತ್ತು ತರುತ್ತಿದ್ದರು. ಬೋರಿಂಗು ಬಂದಾಗ ನಾವೆಲ್ಲ ಮರೆತುಬಿಟ್ಟಿದ್ದ ಹಳೆಯ ಕಲ್ಲುಕಟ್ಟಡದ ಬಾವಿಯೊಂದು ಊರ ಬದಿಯ ತೋಟದಲ್ಲಿತ್ತು. ಮರೆತದ್ದಷ್ಟೇ ಅಲ್ಲ, ಒಣಗರಿ, ಕಾಯಿಸಿಪ್ಪೆ, ಕಸಕಡ್ಡಿ ಎಲ್ಲವನ್ನೂ ಅದರ ಬಾಯಿಗೆ ತುರುಕಿದ್ದೆವು. ಅದನ್ನು ತೊಳೆದು ಮತ್ತೆ ಕುಡಿಯುವಂತೆ ಮಾಡೋಣ ಎಂದು ಜಗಲಿಯ ಮೇಲೆ ಹೇಳಿದವನು ನಾನೇ.

ರೇವಣ್ಣ ವಿರೋಧಿಸಿದ. ಅವನು ವಿರೋಧಿಸದ ಕೆಲಸವೇ ಇರಲಿಲ್ಲ. ಗುಂಡಗಿನ ಆಳು, ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದ. ಮನುಷ್ಯರ ಮಾತನ್ನೂ ಹಾಗೇ ಅಲ್ಲಾಡಿಸಿ ನೋಡುತ್ತಿದ್ದ. "ಓದ್ದೋರ್‍ಗೇನಪ್ಪಾ, ಕುಂತ್ಕಂಡು ಹೇಳ್ತಾರೆ. ನಲವತ್ತು ಅಡಿ ಐತೆ ಕಣ್ಲಾ ಬಿಎಸ್ಸಿ, ನಿನ್ ಪ್ಯಾಂಟು ಕೊಳೆಯಾಗಲ್ವಾ?" ಎಂದ. ಮೂರು ಸೋಮವಾರ ಜಗ್ಗಾಡಿ ಕೊನೆಗೆ "ಆಯ್ತು ಬುಡು, ತೊಳೆಯಾನ" ಎಂದು ಒಪ್ಪಿದ. ನಾನು ಗೆದ್ದೆ ಅಂದುಕೊಂಡೆ.

ಒಂದು ಸೋಮವಾರ ಬಾಯಿಗೆ ಮುಚ್ಚಿದ್ದ ಗರಿಗಳನ್ನೆಲ್ಲ ಎಳೆದು ಹಾಕಿದೆವು. ಮುಂದಿನ ಸೋಮವಾರ ಹೂಳು ತೆಗೆಯುವುದೆಂದೂ, ಮೊದಲು ನಾನು ಇಳಿಯುವುದೆಂದೂ ನಿಶ್ಚಯವಾಯಿತು. ಆ ಬೆಳಿಗ್ಗೆ ಬ್ಲೀಚಿಂಗ್ ಪೌಡರು ತರಲು ತಿಪಟೂರಿಗೆ ಹೋದವನು, ವಾಪಸು ಬರುವ ಬಸ್ಸಿನ ಟೈರು ಪಂಕ್ಚರಾಗಿ, ಹೇಳಿದ ಹೊತ್ತಿಗಿಂತ ಒಂದೂವರೆ ಗಂಟೆ ತಡವಾಗಿ ಊರು ಮುಟ್ಟಿದೆ.

ಆ ಒಂದೂವರೆ ಗಂಟೆಯಲ್ಲಿ ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ಬಿಸಿಲೇರುತ್ತಿತ್ತು. ಬಾವಿ ತೋಡುವುದರಲ್ಲೇ ಮುಪ್ಪಾದ ಕೆಂಚಪ್ಪ "ತಡೀರಿ, ಒಂದು ಲಾಂದ್ರ ಹಚ್ಚಿ ಇಳಿಸಿ ನೋಡಾನ" ಎಂದನಂತೆ. ಎಲ್ಲರೂ ನಕ್ಕರಂತೆ. "ಹಾಡುಹಗಲಲ್ಲಿ ಲಾಂದ್ರ ಯಾಕಲಾ ಕೆಂಚಪ್ಪ, ಸೂರ್ಯುಂಗೆ ಕಣ್ ಕಾಣಲ್ಲ ಅಂತಲಾ?" ಎಂದ ರೇವಣ್ಣ ಪಂಚೆ ಎತ್ತಿ ಕಟ್ಟಿದನಂತೆ. "ಹೇಳ್ದೋನು ಬಿಎಸ್ಸಿ, ಅವನು ಬರ್‍ಲಿ" ಎಂದು ಯಾರೋ ಅಂದದ್ದಕ್ಕೆ ಅವನು ಕೊಟ್ಟ ಉತ್ತರವನ್ನು ನಾನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ: "ಮೂರು ವಾರ ಬ್ಯಾಡ ಅಂದು ಆಮ್ಯಾಕೆ ಹೂಂ ಅಂದೋನು ನಾನು. ಒಪ್ಕಂಡ್ಮ್ಯಾಲೆ ಅದು ನನ್ ಮಾತೂ ಆಯ್ತಲ್ಲ." ಅಷ್ಟು ಹೇಳಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಗೋಡೆಯ ಮೆಟ್ಟುಗಲ್ಲು ಹಿಡಿದು ಇಳಿದುಬಿಟ್ಟನಂತೆ.

ಪೌಡರಿನ ಚೀಲ ಹೆಗಲ ಮೇಲಿಟ್ಟುಕೊಂಡು ನಾನು ಬಾವಿಯ ಕಟ್ಟೆ ತಲುಪಿದಾಗ ಅವನು ತಳದಲ್ಲಿದ್ದ. ಹೂಳಿನ ಪುಟ್ಟಿಗೆ ಬೇಕೆಂದು ಸೊಂಟದ ಹಗ್ಗ ಬಿಚ್ಚಿದ್ದ. ನನ್ನ ಸದ್ದು ಕೇಳಿ ಕೆಳಗಿನಿಂದ ಕೂಗಿದ: "ಬಂದನೇನ್ರಲಾ ದೊರೆ? ಅವನ್ಗೆ ಹೇಳ್ರಲಾ, ಪೌಡ್ರು ಆಮ್ಯಾಕಿರ್‍ಲಿ, ಇಲ್ಲಿ ಹೂಳು ಎಷ್ಟೈತೆ ಅಂತ ಒಂದ್ಸಲ ಬಂದು..."

ಮಾತು ಅಲ್ಲಿಗೆ ನಿಂತಿತು.

ನಾವು ಮುಂದಿನ ಪದಕ್ಕಾಗಿ ಕಾದೆವು. ನಗಲು ಸಿದ್ಧವಾಗಿ ಕಾದೆವು. ಪದ ಬರಲಿಲ್ಲ. ಬಗ್ಗಿ ನೋಡಿದರೆ ಅವನ ಬಿಳಿ ಬನಿಯನ್ ಗೋಡೆಗೆ ಒರಗಿ ಜಾರುತ್ತಿತ್ತು.

ಕೇಳಿ, ನಾನು ರಸಾಯನಶಾಸ್ತ್ರ ಓದಿದವನು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿದ ಗಾಜಿನ ಜಾಡಿಯೊಳಕ್ಕೆ ಉರಿಯುವ ಮೇಣದಬತ್ತಿ ಇಳಿಸಿ, ಅದು ಪುಸಕ್ಕನೆ ಆರಿದ್ದನ್ನು ಕಂಡು, ರೆಕಾರ್ಡಿನಲ್ಲಿ ಚಿತ್ರ ಬರೆದು ಹತ್ತಕ್ಕೆ ಒಂಬತ್ತು ಅಂಕ ಪಡೆದವನು. ಕೊಳೆತ ಗರಿ, ಮುಚ್ಚಿದ ಬಾವಿ, ಭಾರವಾದ ಕೆಟ್ಟ ಗಾಳಿ ಇವೆಲ್ಲ ನನ್ನ ತಲೆಯಲ್ಲಿ ಬೇರೆ ಬೇರೆ ಪುಟಗಳಲ್ಲಿದ್ದವು. ಆ ಗಳಿಗೆಯಲ್ಲೂ ಅವು ಒಂದಾಗಲಿಲ್ಲ. ನಾನು ಮಾಡಿದ್ದೇನೆಂದರೆ, ಚೀಲ ಬಿಸಾಡಿ, ಚಪ್ಪಲಿ ಕಳಚಿ, ಒಂದು ಕಾಲನ್ನು ಬಾವಿಯೊಳಕ್ಕೆ ಹಾಕಿದ್ದು.

ಒಂದು ಅಂಗೈ ಬಂದು ನನ್ನ ಎದೆಯ ಮೇಲೆ ನಿಂತಿತು. ಕೆಂಚಪ್ಪನದು.

"ಎಲ್ಲಿಗಪ್ಪಾ?"

"ಹೇಳಿದೋನು ನಾನು. ಮೊದಲ ಕೈ ನಂದು, ಬಿಡು."

"ಬಾವಿ ತೊಳೆಯಾನ ಅಂದೋನು ನೀನು," ಅವನ ದನಿ ಏರಲೂ ಇಲ್ಲ. "ಲಾಂದ್ರ ಇಳಿಸಾನ ಅಂದೋನು ನಾನು. ಈಗ ನಡೀತಿರಾದು ನನ್ ಕೆಲ್ಸ. ನನ್ ಕೈ ಮುಂಚೆ ಕಣಪ್ಪ. ನೀನು ಹಗ್ಗ ಹಿಡಿ."

ನಾನು ತಮಾಷೆಯೆಂದು ತಿಳಿದಿದ್ದ ಆ ಕಟ್ಟಳೆ ನನ್ನ ಕಾಲನ್ನು ಬಾವಿಯಿಂದ ಹೊರಗೆ ತೆಗೆಸಿತು. ಬರೀ "ಬೇಡ" ಅಂದಿದ್ದರೆ ನಾನು ಕೇಳುತ್ತಿರಲಿಲ್ಲ. ನನ್ನ ಹಿಂದೆ ಇನ್ನಿಬ್ಬರು ಇಳಿಯಲು ಪಂಚೆ ಕಟ್ಟುತ್ತಿದ್ದರು, ಅವರೂ ನಿಂತರು. ಮೂರು ಜನ ಒಬ್ಬರ ಮೇಲೊಬ್ಬರು ಹೋಗಿ ಬೀಳುವುದು ಅಲ್ಲಿಗೆ ತಪ್ಪಿತು.

ಆಮೇಲಿನದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಲಾಂದ್ರ ಇಳಿಯಿತು, ಅರ್ಧ ಬಾವಿಗೆ ಆರಿಹೋಯಿತು. ಅಷ್ಟರಲ್ಲೇ ಯಾರೋ ಹೊಂಗೆ ಕೊಂಬೆಗಳನ್ನು ಮುರಿದು ಗಾಡಿಚಕ್ರದಷ್ಟು ದೊಡ್ಡ ಹೊರೆ ಕಟ್ಟಿದ್ದರು. ಅದನ್ನು ಹಗ್ಗದಲ್ಲಿ ಇಳಿಬಿಟ್ಟು, ಮೇಲಕ್ಕೂ ಕೆಳಕ್ಕೂ, ಮಜ್ಜಿಗೆ ಕಡೆದ ಹಾಗೆ ಬಾವಿಯ ಗಾಳಿಯನ್ನೇ ಕಡೆಯತೊಡಗಿದರು. ರೇವಣ್ಣನ ಹೆಂಡತಿ ಗೌರಮ್ಮ ಮನೆಯಿಂದ ಓಡಿ ಬಂದದ್ದು ಬರಿಗೈಯಲ್ಲಲ್ಲ. ಸೊಂಟದಲ್ಲಿ ಒಂದು ಕೊಡ, ಕೈಯಲ್ಲಿ ಒಂದು ಬಿಂದಿಗೆ. "ಗೋಡೆಗುಂಟ ಹುಯ್ಯವ್ವಾ, ಅವ್ರ ಮೈಮ್ಯಾಲಲ್ಲ. ನೀರಿನ ಜೊತೇಲಿ ಒಳ್ಳೆ ಗಾಳಿ ಇಳೀತದೆ" ಎಂದ ಕೆಂಚಪ್ಪ. ಅವಳು ಅಳಲಿಲ್ಲ. ಸುರಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಒಂದು ಮೈಲಿ ಹೊತ್ತು ತಂದು ಮಕ್ಕಳಿಗೂ ಅಳೆದು ಕೊಡುತ್ತಿದ್ದ ನೀರು ಅದು. ಯಾರೂ ಯಾರನ್ನೂ ಕೇಳಲಿಲ್ಲ. ಅರ್ಧ ಊರಿನ ಕುಡಿಯುವ ನೀರು ಆ ಬಾವಿಗೆ ಹೋಯಿತು.

ಎರಡನೆಯ ಸಲ ಲಾಂದ್ರ ಇನ್ನಷ್ಟು ಕೆಳಗಿಳಿದು ಆರಿತು. ಮೂರನೆಯ ಸಲ ತಳದ ಹತ್ತಿರ ಕುಗ್ಗಿತು, ನೀಲಿಯಾಯಿತು, ಆದರೆ ಉಳಿಯಿತು.

ಕೆಂಚಪ್ಪ ಸೊಂಟಕ್ಕೆ ಒಂದು ಹಗ್ಗ ಕಟ್ಟಿಕೊಂಡು, ರೇವಣ್ಣನಿಗೆಂದು ಇನ್ನೊಂದನ್ನು ಹೆಗಲಿಗೆ ಹಾಕಿಕೊಂಡ. "ಒಂದೊಂದು ಮೆಟ್ಗೂ ಓ ಅಂತೀನಿ. ಓ ನಿಂತ್ರೆ ಕೂಗ್ಬ್ಯಾಡಿ, ಯೋಚ್ನೆ ಮಾಡ್ಬ್ಯಾಡಿ. ಎಳೀರಿ." ಅಷ್ಟೇ ಹೇಳಿ ಇಳಿದ.

ಹಗ್ಗದ ತುದಿಯಲ್ಲಿ ಮೊದಲ ಹಿಡಿತ ನನ್ನದಿತ್ತು. ಓ. ತಾಯೊಬ್ಬಳು ಅಳುವ ಕೂಸಿಗೆ ಮೊಲೆ ಕೊಟ್ಟು ಸುಮ್ಮನಾಗಿಸಿದಳು. ಓ. ತೋಟದಲ್ಲೆಲ್ಲೋ ಒಣಗರಿ ಕಳಚಿ ಬಿದ್ದ ಸದ್ದಿಗೆ ಎಲ್ಲರೂ ಹಲ್ಲು ಕಚ್ಚಿದರು. ಓ. ಇಡೀ ಊರು ಒಬ್ಬ ಮುದುಕನ ಒಂದಕ್ಷರವನ್ನು ಹೀಗೆ ಕೇಳಿಸಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಎರಡು ಓಗಳ ನಡುವಿನ ಆ ಖಾಲಿ ಜಾಗವನ್ನು ನಾನು ಈಗಲೂ ನಿದ್ದೆ ಬರದಾಗ ಅಳೆಯುತ್ತಿರುತ್ತೇನೆ. ಎಷ್ಟು ಅಳೆದರೂ ಅದು ಉದ್ದವಾಗುತ್ತಲೇ ಹೋಗುತ್ತದೆ.

ಇಬ್ಬರೂ ಮೇಲೆ ಬಂದರು. ರೇವಣ್ಣನ ತುಟಿ ನೇರಳೆಯಾಗಿತ್ತು. ಗರಿಯ ನೆರಳಲ್ಲಿ ಮಲಗಿಸಿ, ಬೀಸಿ, ಬೆನ್ನು ತಿಕ್ಕಿ, ಇನ್ನು ಆಗದೇನೋ ಎನ್ನುವಾಗ ಒಮ್ಮೆ ಕೆಮ್ಮಿದ. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದವನು ಮೊದಲು ಕಂಡದ್ದು ಸುತ್ತಲೂ ಉರುಳಿ ಬಿದ್ದಿದ್ದ ಕೊಡಗಳನ್ನು.

"ನೀರೆಲ್ಲ ಏನಾಯ್ತೇ?" ಎಂದ, ತೊದಲುತ್ತ.

"ನಿಮ್ಗೇ ಹುಯ್ದ್ವಿ ಕಣ್ರೀ," ಎಂದಳು ಗೌರಮ್ಮ. ಅಳು ಬಂದದ್ದು ಆಗ.

ನಾನು ಬಾಯಿಬಿಟ್ಟು ಹೇಳಬೇಕಾದ ಮಾತೊಂದಿತ್ತು: ಅಲ್ಲಿ ಬಿದ್ದಿರಬೇಕಾದವನು ನಾನು ಎಂದು. ನನ್ನ ಮುಖ ನೋಡಿಯೇ ಅದು ಎಲ್ಲರಿಗೂ ಗೊತ್ತಾಗಿರಬೇಕು, ಒಬ್ಬರೂ ಅದನ್ನೆತ್ತಲಿಲ್ಲ. ತಡವಾಗಿ ಬಂದೆಯೆಂದು ಬೈಯಲಿಲ್ಲ. ಕೆಂಚಪ್ಪ ನೆನೆದ ಹಗ್ಗಗಳನ್ನು ಬಿಸಿಲಿಗೆ ಹರಡಿ, ಒಂದು ಬೀಡಿ ಕೇಳಿ ಪಡೆದು, ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡು ಮನೆಗೆ ನಡೆದ. ಮರುದಿನ ಬೆಳಿಗ್ಗೆ ಹೆಂಗಸರು ಮತ್ತೆ ಒಂದು ಮೈಲಿ ನಡೆದರು.

ಮುಂದಿನ ಸೋಮವಾರ ಜಗಲಿಯ ಮೇಲೆ ಯಾರೂ ಬಾವಿಯ ಹೆಸರೆತ್ತಲಿಲ್ಲ. ಕೊನೆಗೆ, ಬಿಸಿಲಲ್ಲೂ ಟವೆಲು ಹೊದ್ದು ಕೂತಿದ್ದ ರೇವಣ್ಣನೇ ಗಂಟಲು ಸರಿಮಾಡಿಕೊಂಡ. "ಬಾವಿ ಅರ್ಧಕ್ಕೆ ನಿಂತೈತೆ. ತೊಳೀಲೇಬೇಕು."

ಯಾವುದಕ್ಕೂ ಬೇಡವೆನ್ನುವವನು ಬೇಕೆಂದಿದ್ದ. ಹೇಳಿದವನದೇ ಮೊದಲ ಕೈ. ಬಾಗಿಲ ಹಿಂದೆ ಗೌರಮ್ಮನ ಬಳೆ ಸದ್ದಾಯಿತು. ನಾನು ಎದ್ದು ನಿಂತೆ.

"ಅದು ನನ್ನ ಮಾತು ರೇವಣ್ಣ. ನಾನು ಹೇಳಿ ತಿಂಗಳಾಯ್ತು. ನೀವು ಈಗ ಹೇಳಿದ್ರೆ ಲೆಕ್ಕಕ್ಕಿಲ್ಲ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕಾಲು ನಡುಗ್ತಾ ಐತಲ್ಲೋ ಬಿಎಸ್ಸಿ."

"ನಡುಗ್ಲಿ. ಕೈ ನೆಟ್ಟಗಿದೆ."

ಕೊಬ್ಬರಿ ಅಲ್ಲಾಡಿಸಿ ಆಲಿಸುವವನಂತೆ ಒಂದು ಗಳಿಗೆ ತಲೆ ವಾಲಿಸಿದ. "ಹಂಗಾದ್ರೆ ಹಗ್ಗ ನಂದು," ಎಂದ.

ನಾವು ಬಾವಿಗೆ ಹೋಗಿ ಗಾಳಿ ಕಡೆದೆವು, ಲಾಂದ್ರ ಇಳಿಸಿದೆವು, ಅದು ತಳದಲ್ಲಿ ಹಳದಿಯಾಗಿ ನೆಟ್ಟಗೆ ಉರಿಯಿತು. ನಾನು ಓ ಎನ್ನುತ್ತ ಇಳಿದೆ. ತಳ ಮುಟ್ಟಿ, ಕೆಸರಿನಲ್ಲಿ ಕಾಲೂರಿ, ತಲೆಯೆತ್ತಿದೆ. ಮೇಲೆ ತಟ್ಟೆಯಷ್ಟು ಆಕಾಶ, ಅದರ ಅಂಚಿನ ಸುತ್ತ ತಲೆಗಳು. ಯಾರ ಮುಖವೂ ಗುರುತು ಸಿಗುತ್ತಿರಲಿಲ್ಲ. ಯಾರೂ ಮಾತಾಡುತ್ತಿರಲಿಲ್ಲ, ಅಲುಗುತ್ತಿರಲಿಲ್ಲ. ಅಷ್ಟೂ ತಲೆಗಳು ನನ್ನನ್ನು ಕೇಳಿಸಿಕೊಳ್ಳುತ್ತಿದ್ದವು. ಹುಟ್ಟಿದಂದಿನಿಂದ ನೋಡಿದ್ದ ಊರನ್ನು ಅಲ್ಲಿಂದ, ಕೆಳಗಿನಿಂದ, ನಾನು ಮೊದಲ ಸಲ ನೋಡಿದೆ. ಬೆರಗಿನಲ್ಲಿ ನಿಂತುಬಿಟ್ಟೆ. ಓ ಅನ್ನುವುದನ್ನು ಮರೆತೆ.

ಹಗ್ಗ ಪಕ್ಕೆಲುಬು ಮುರಿಯುವಂತೆ ಬಿಗಿಯಿತು. ಕಾಲು ಕೆಸರಿನಿಂದ ಕಿತ್ತು ಬಂತು. "ಓ! ಇದ್ದೀನಿ! ಓ!" ಎಂದು ಅರಚಿಕೊಂಡೆ. ಯಾರೂ ನಂಬಲಿಲ್ಲ. ಗೋಡೆಗೆ ಮೊಣಕೈ ತರಚುತ್ತ, ಗಾಳಿಯಲ್ಲಿ ಗಿರಗಿರ ತಿರುಗುತ್ತ, ನಲವತ್ತು ಅಡಿಯನ್ನೂ ಎಳೆಸಿಕೊಂಡು ಬಂದು ಕಟ್ಟೆಯ ಮೇಲೆ ಬಿದ್ದೆ. ಮುಂದುಗಡೆ ರೇವಣ್ಣ, ಕಣ್ಣು ಕೆಂಪಾಗಿ, ಏದುಸಿರು ಬಿಡುತ್ತ, ಅಂಗೈ ಸುಲಿದಿದ್ದರೂ ಹಗ್ಗ ಬಿಡದೆ ನಿಂತಿದ್ದ.

"ಸತ್ತೋದ್ಯೇನೋ ಅಂತಿದ್ನಲ್ಲಲಾ! ಅಲ್ಲೇನು ಪರೀಕ್ಷೆ ಬರೀತಿದ್ದಾ?"

ಎಲ್ಲರೂ ನಕ್ಕರು, ನಗುತ್ತಿದ್ದವರ ಕೈಗಳೂ ಹಗ್ಗದ ಮೇಲೆಯೇ ಇದ್ದವು. ನಾನು ಮತ್ತೆ ಇಳಿದೆ. ಈ ಸಲ ಉಸಿರು ಬಿಟ್ಟಾಗಲೆಲ್ಲ ಓ ಅಂದೆ, ಪ್ರತಿ ಓಗೂ ಮೇಲಿನಿಂದ ಯಾರಾದರೊಬ್ಬರು ಓಗೊಡುತ್ತಲೇ ಇದ್ದರು. ಮೊಣಕಾಲುದ್ದ ಹೂಳಿನಲ್ಲಿ ಬಗ್ಗಿ, ಎರಡೂ ಕೈ ಹಾಕಿ, ಮೊದಲ ಪುಟ್ಟಿ ತುಂಬಿದೆ.