ಕಚೇರಿ ತೆರೆಯುವ ಮೊದಲಿನ ಮೂರು ಗಂಟೆ

ಬೆಳಗಿನ ಆರೂವರೆ. ನೀರು ಸರಬರಾಜು ಇಲಾಖೆಯ ಮೂರು ಮಹಡಿಯ ಕಟ್ಟಡದಲ್ಲಿ ಕಾವಲುಗಾರನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಯಿಲ್ಲ. ಎರಡನೇ ಮಹಡಿಯ ದೂರು ವಿಭಾಗದಲ್ಲಿ ಮಾತ್ರ ದೀಪ ಉರಿಯುತ್ತಿದೆ. ಮೂಗಿನ ತುದಿಗೆ ಜಾರಿದ ಕನ್ನಡಕದ ಹೆಂಗಸೊಬ್ಬರು ಒಂಬತ್ತು ಕಂಪ್ಯೂಟರುಗಳನ್ನು ಒಂದೊಂದಾಗಿ ಚಾಲೂ ಮಾಡುತ್ತಾ ಬರುತ್ತಿದ್ದಾರೆ. ಆರನೆಯದು ಮೊಂಡು. ಗುಂಡಿ ಒತ್ತಿದರೆ ಗುರ್ ಎಂದು ಸುಮ್ಮನಾಗುತ್ತದೆ. ಅದರ ಬೆನ್ನಿಗೆ ಅಂಗೈಯಲ್ಲಿ ಮೆಲ್ಲಗೆ ಎರಡು ತಟ್ಟಿ, “ಏಳಪ್ಪಾ, ಮಕ್ಕಳು ಬರೋ ಹೊತ್ತಾಯ್ತು” ಎನ್ನುತ್ತಾರೆ. ಅದು ಏಳುತ್ತದೆ.

ಮೇಜುಗಳ ಮೇಲೆ ನಿನ್ನೆ ಗುಮಾಸ್ತರು ಬಿಟ್ಟುಹೋದ ಫೈಲು, ನೀರಿನ ಬಾಟಲಿ, ಮಾತ್ರೆಯ ಡಬ್ಬಿ. ಎಲ್ಲಕ್ಕೂ ಯಾವ ಮೇಜಿನದೆಂದು ಚೀಟಿ ಹಚ್ಚಿ ಬೀರುವಿಗೆ ಸೇರಿಸುತ್ತಾರೆ. ಹತ್ತು ಗಂಟೆಗೆ ಗುಮಾಸ್ತರು ಬರುವಷ್ಟರಲ್ಲಿ ಅವು ಮತ್ತೆ ಇದ್ದಲ್ಲೇ ಇರಬೇಕು. “ಒಬ್ಬರು ತಮ್ಮ ಪೆನ್ನು ಜಾಗ ಬದಲಾಯಿಸಿದೆ ಅಂತ ಮೇಲಿನವರ ತನಕ ಹೋಗಿದ್ರು. ಅವತ್ತಿಂದ ಪೆನ್ನಿನ ಮೂತಿ ಯಾವ ಕಡೆಗಿತ್ತು ಅಂತಾನೂ ನೋಡಿಕೊಳ್ತೀನಿ” ಎಂದು ನಗುತ್ತಾರೆ.

ಏಳಕ್ಕೆ ಐದು ನಿಮಿಷವಿರುವಾಗ ಮೆಟ್ಟಿಲ ಮೇಲೆ ದಡಬಡ ಸದ್ದು. ಒಂಬತ್ತು ಮಂದಿ ವಿದ್ಯಾರ್ಥಿಗಳು ಬಂದು ಒಂಬತ್ತು ಕುರ್ಚಿಗಳಲ್ಲಿ ಕೂರುತ್ತಾರೆ. ಕಂಪ್ಯೂಟರ್ ಡಿಪ್ಲೊಮಾದ ಕೊನೆಯ ವರ್ಷದವರು. ಹನ್ನೆರಡು ವಾರ ಅವರಿಗೆ ಇಲ್ಲಿ ಇಂಟರ್ನ್‌ಶಿಪ್. ಕಂಪ್ಯೂಟರುಗಳು ಖಾಲಿ ಇರುವುದು ಕಚೇರಿ ತೆರೆಯುವ ಮೊದಲು ಮಾತ್ರ, ಆದ್ದರಿಂದ ಏಳರಿಂದ ಹತ್ತು. ಸರ್ಕಾರಿ ಕಚೇರಿಯೊಳಗೆ ಹೀಗೊಂದು ಜಾಗ ಹುಟ್ಟಿಸಿದವರು ಈ ಕನ್ನಡಕದ ಹೆಂಗಸೇ, ವಿಭಾಗದ ಮೇಲ್ವಿಚಾರಕಿ. ಮೂವತ್ನಾಲ್ಕು ವರ್ಷಗಳ ಹಿಂದೆ ಬೆರಳಚ್ಚುಗಾರ್ತಿಯಾಗಿ ಸೇರಿದವರು. ಬೆರಳಚ್ಚು ಯಂತ್ರಗಳೆಲ್ಲ ಗುಜರಿಗೆ ಹೋದವು, ಬಡ್ತಿ ಎರಡು ಸಲ ಬಂತು, ಆದರೆ ಕಟ್ಟಡದ ಬಾಯಲ್ಲಿ ಅವರು ಇಂದಿಗೂ ಟೈಪಿಸ್ಟಮ್ಮ.

ಇದೆಲ್ಲ ಶುರುವಾದದ್ದು ಅವರ ತಂಗಿಯ ಮಗಳಿಂದ. ಎಂಟು ವರ್ಷಗಳ ಹಿಂದಿನ ಮಾತು. ಹುಡುಗಿಗೆ ಡಿಪ್ಲೊಮಾ ಮುಗಿಯಬೇಕಾದರೆ ಎಲ್ಲಾದರೂ ಹನ್ನೆರಡು ವಾರ ಕೆಲಸ ಕಲಿತ ಪತ್ರ ಬೇಕಿತ್ತು. ಹನ್ನೊಂದು ಕಂಪನಿಗಳ ಬಾಗಿಲು ತಟ್ಟಿದಳು. ಪರಿಚಯವಿಲ್ಲದವರನ್ನು ಯಾರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಹನ್ನೆರಡನೆಯವರು ಕೆಲಸ ಕೊಡಲಿಲ್ಲ, ಪತ್ರ ಕೊಟ್ಟರು. ಒಂದು ದಿನವೂ ಕಾಲಿಡದ ಜಾಗದಲ್ಲಿ ಮೂರು ತಿಂಗಳು ದುಡಿದಳೆಂಬ ಪತ್ರ.

“ಅದನ್ನ ತಂದು ನನಗೆ ತೋರಿಸಿದಳು. ಖುಷಿಯಾಗಿ ತೋರಿಸ್ತಾಳೆ ಅಂದ್ಕೊಂಡೆ. ‘ದೊಡ್ಡಮ್ಮಾ, ನಾಳೆ ಯಾರಾದ್ರೂ ಏನು ಕಲಿತೆ ಅಂತ ಕೇಳಿದ್ರೆ ಏನು ಹೇಳ್ಲಿ?’ ಅಂತ ಅತ್ತುಬಿಟ್ಟಳು. ಮರುದಿನ ಆಫೀಸಿಗೆ ಬಂದೆ. ನನ್ನ ಕುರ್ಚಿ ಪಕ್ಕದಲ್ಲೇ ಮೂರು ಮೂಟೆ ದೂರಿನ ಅರ್ಜಿ ಬಿದ್ದಿತ್ತು. ಕಂಪ್ಯೂಟರಿಗೆ ಏರಿಸೋಕೆ ಜನ ಇಲ್ಲ ಅಂತ ವರ್ಷದಿಂದ ಹಾಗೇ ಇತ್ತು. ಅಲ್ಲಿ ಕೆಲಸ ಇಲ್ಲದ ಮಕ್ಕಳು, ಇಲ್ಲಿ ಮಕ್ಕಳಿಲ್ಲದ ಕೆಲಸ. ನನಗೆ ತಲೆ ಕೆಟ್ಟುಹೋಯ್ತು.”

ಅಂದೇ ಟಿಪ್ಪಣಿ ಬರೆದರು. ಹೊರಗಿನವರು ಇಲಾಖೆಯ ಕಂಪ್ಯೂಟರು ಮುಟ್ಟಬಾರದೆಂಬ ನಿಯಮವಿತ್ತು. ಫೈಲು ಹದಿನಾಲ್ಕು ತಿಂಗಳು ಮೇಜಿಂದ ಮೇಜಿಗೆ ಅಲೆಯಿತು. ಹೆಡ್ ಕ್ಲಾರ್ಕ್ ಅಂತೂ ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ ಕಿಚಾಯಿಸುತ್ತಿದ್ದರು: “ಏನಮ್ಮಾ ನಿಮ್ಮ ಇಂಟರ್ನ್‌ಶಿಪ್ಪು? ಕೊನೆಗೆ ನಮ್ಮ ಕೈಗೆ ಚಿಪ್ಪೇ!” ಮೇಲಿನಿಂದ ಕಡೆಯದಾಗಿ ಬಂದ ಪ್ರಶ್ನೆ ಒಂದೇ ಸಾಲಿನದು: ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಯಾರು? ಟೈಪಿಸ್ಟಮ್ಮ ಅದರ ಕೆಳಗೆ ‘ನಾನು’ ಎಂದು ಬರೆದು ರುಜು ಹಾಕಿದರು. ಪರೀಕ್ಷಾರ್ಥವಾಗಿ, ಯಾವಾಗ ಬೇಕಾದರೂ ನಿಲ್ಲಿಸಬಹುದೆಂಬ ಷರತ್ತಿನ ಮೇಲೆ, ಒಪ್ಪಿಗೆ ಬಂತು.

ಮೊದಲ ತಂಡ ಮೂಟೆ ಬಿಚ್ಚಿತು. ಎರಡನೆಯದು ಬೀದಿವಾರು ಪಟ್ಟಿ ಮಾಡಿತು. ಮೂರನೆಯದು ಯಾವ ಬೀದಿಯ ಪೈಪು ಪದೇ ಪದೇ ಒಡೆಯುತ್ತದೆಂದು ನಕ್ಷೆಯ ಮೇಲೆ ಕೆಂಪು ಚುಕ್ಕಿ ಇಟ್ಟಿತು. ಟೈಪಿಸ್ಟಮ್ಮನಿಗೆ ಪ್ರೋಗ್ರಾಂ ಬರೆಯಲು ಬರುವುದಿಲ್ಲ, ಬರುತ್ತದೆಂದು ಹೇಳಿಕೊಂಡವರೂ ಅಲ್ಲ. ಅವರು ಕಲಿಸುವುದು ಬೇರೆ. ವಾರಕ್ಕೊಂದು ದಿನ ವಿದ್ಯಾರ್ಥಿಗಳನ್ನು ಹತ್ತು ಗಂಟೆಯ ಮೇಲೂ ಉಳಿಸಿಕೊಂಡು ಕೆಳಗಿನ ದೂರಿನ ಕಿಟಕಿಯ ಬಳಿ ನಿಲ್ಲಿಸುತ್ತಾರೆ, ದೂರು ಕೊಡಲು ಬಂದವರ ಮಾತು ಪೂರ್ತಿ ಕೇಳಿಸುತ್ತಾರೆ. “ಪರದೆ ಮೇಲೆ ಅದು ಒಂದು ನಂಬರು. ಕಿಟಕಿ ಹತ್ತಿರ ಅದೇ ನಂಬರು ಬಕೆಟ್ ಹಿಡ್ಕೊಂಡು ನಿಂತಿರುತ್ತೆ. ಎರಡನ್ನೂ ನೋಡಿದವರು ಕೆಲಸ ಕೆಡಿಸಲ್ಲ.”

ಆದರೂ ಕಳೆದ ವರ್ಷ ಕೆಲಸ ಕೆಟ್ಟಿತು, ಅದೂ ಸಣ್ಣದಾಗಿ ಅಲ್ಲ.

ದೂರು ಕೊಟ್ಟವರಿಗೆ ಮೊಬೈಲಿನಲ್ಲಿ ಸಂದೇಶ ಹೋಗುವ ಏರ್ಪಾಡನ್ನು ಆಗಿದ್ದ ತಂಡ ಸಿದ್ಧಪಡಿಸುತ್ತಿತ್ತು. ಪರೀಕ್ಷೆಗೆಂದು ಹತ್ತು ನಂಬರುಗಳ ಪಟ್ಟಿ ಇತ್ತು. ಒಂದು ಬೆಳಿಗ್ಗೆ ಒಂಬತ್ತು ಗಂಟೆಯ ಸುಮಾರಿಗೆ, ತಂಡದಲ್ಲೇ ಚುರುಕಾದ ಹುಡುಗಿ ಆ ಪಟ್ಟಿಯ ಬದಲು ದೊಡ್ಡ ಪಟ್ಟಿ ಆರಿಸಿ ಗುಂಡಿ ಒತ್ತಿದಳು. ಆರು ಸಾವಿರದ ಇನ್ನೂರ ಹನ್ನೆರಡು ಮಂದಿಗೆ ಒಂದೇ ಸಂದೇಶ ಹೋಯಿತು: ‘ನಿಮ್ಮ ದೂರು ಪರಿಹಾರವಾಗಿದೆ. ಧನ್ಯವಾದಗಳು.’

ನಲ್ಲಿ ಒಣಗಿದವರಿಗೂ ಹೋಯಿತು, ಅಂಗಳ ಕೆರೆಯಾದವರಿಗೂ ಹೋಯಿತು. ಹತ್ತೂವರೆಗೆ ಕಚೇರಿ ಮುಂದೆ ಜನ ಕಿಕ್ಕಿರಿದರು. ಮುದುಕರೊಬ್ಬರು ಖಾಲಿ ಕೊಡವನ್ನು ಮುಖ್ಯ ಎಂಜಿನಿಯರರ ಮೇಜಿನ ಮೇಲೇ ಇಟ್ಟು, “ಪರಿಹಾರ ಇದರೊಳಗೆ ಎಲ್ಲಿದೆ, ತೋರಿಸಪ್ಪಾ” ಎಂದರು. ಎಂಜಿನಿಯರರ ಮುಖ ಕೆಂಡವಾಯಿತು. ಇಂಟರ್ನ್‌ಶಿಪ್ ಅಂದೇ ನಿಂತಿತು. ಟೈಪಿಸ್ಟಮ್ಮನಿಗೆ ನೋಟಿಸು ಬಂತು.

ಹುಡುಗಿ ಬೀರುಗಳ ಸಂದಿಯಲ್ಲಿ ನಿಂತು ಬಿಕ್ಕುತ್ತಿದ್ದಳು. “ಮೇಡಂ, ನನ್ನ ಹೆಸರು ಹೇಳಿಬಿಡಿ. ನಾನು ನಾಳೆಯಿಂದ ಬರಲ್ಲ.”

“ಬರದೆ ಎಲ್ಲಿಗೆ ಹೋಗ್ತೀಯಾ? ತಪ್ಪು ಮಾಡಿದ ಜಾಗದಲ್ಲೇ ಸರಿ ಮಾಡೋದನ್ನೂ ಕಲೀಬೇಕು. ಮೂಗು ಒರೆಸ್ಕೋ. ಆ ದೊಡ್ಡ ಪಟ್ಟಿ ಇದೆಯಲ್ಲ, ಅದನ್ನ ಪ್ರಿಂಟ್ ತೆಗಿ.”

ನೋಟಿಸಿಗೆ ಅವರು ಕೊಟ್ಟ ಉತ್ತರದಲ್ಲಿ ಹುಡುಗಿಯ ಹೆಸರಿರಲಿಲ್ಲ. ತಪ್ಪು ನನ್ನದು, ಸರಿಪಡಿಸಲು ಹತ್ತು ದಿನ ಕೊಡಿ ಎಂದಷ್ಟೇ ಇತ್ತು. ಎಂಜಿನಿಯರ್ ಒಪ್ಪಿದರು, ಆದರೆ ಕಂಪ್ಯೂಟರು ಮುಟ್ಟಬಾರದು ಎಂದರು. ಹಾಗಾಗಿ ಒಂಬತ್ತು ಮಂದಿಯೂ ಕಾಗದದ ಪಟ್ಟಿ ಹಿಡಿದು, ಕಚೇರಿಯ ನಾಲ್ಕು ಫೋನು, ತಮ್ಮ ತಮ್ಮ ಮೊಬೈಲು ಎಲ್ಲವನ್ನೂ ಇಟ್ಟುಕೊಂಡು, ಊಟದ ಕೋಣೆಯಲ್ಲಿ ಕೂತರು. ಪ್ರತಿಯೊಬ್ಬರಿಗೂ ಕರೆ ಮಾಡಿ ಮೊದಲು ಕ್ಷಮೆ, ಆಮೇಲೆ ಒಂದು ಪ್ರಶ್ನೆ: ನಿಜವಾಗಿ ಈಗ ಪರಿಸ್ಥಿತಿ ಏನು? ಮೊದಲ ದಿನ ಬೈಗುಳದ ಸುರಿಮಳೆ. ಮೂರನೇ ದಿನಕ್ಕೆ ಬೈದವರನ್ನು ಸಮಾಧಾನ ಮಾಡುವ ಕಲೆಯೂ ಬಂದುಬಿಟ್ಟಿತ್ತು. ಟೈಪಿಸ್ಟಮ್ಮ ಮನೆಯಲ್ಲಿ ಅನ್ನ ತಟ್ಟೆಯಲ್ಲಿ ಕಲಸುತ್ತಾ ಕೂರುತ್ತಿದ್ದರು. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ಅವರ ಗಂಡ ಒಂದೇ ಮಾತು ಹೇಳಿದರಂತೆ: “ಹೊಲಿಗೆ ತಪ್ಪಿದ್ರೆ ಬಿಚ್ಚಿ ಹೊಲೀತೀನಿ. ಬಟ್ಟೆ ಬಿಸಾಕಲ್ಲ ಕಣೇ.”

ಒಂಬತ್ತನೇ ದಿನ ಪಟ್ಟಿ ಮುಗಿಯಿತು. ಇಲಾಖೆಯ ಪುಸ್ತಕದಲ್ಲಿ ಬಾಕಿ ಎಂದಿದ್ದ ಎರಡು ಸಾವಿರಕ್ಕೂ ಹೆಚ್ಚು ದೂರುಗಳು ಎಂದೋ ಸರಿಯಾಗಿದ್ದವು. ಸರಿಯಾಗಿದೆ ಎಂದು ಬರೆದಿದ್ದ ನಾನೂರ ಮೂವತ್ತು ಕಡೆ ಯಾರೂ ಹೋಗಿಯೇ ಇರಲಿಲ್ಲ. ಯಾವ ಬೀದಿಗೆ ನಿಜವಾಗಿ ನೀರಿಲ್ಲ ಎಂಬ ಸುಳ್ಳಿಲ್ಲದ ಲೆಕ್ಕ ಮೊದಲ ಬಾರಿಗೆ ಮುಖ್ಯ ಎಂಜಿನಿಯರರ ಮೇಜಿಗೆ ಬಂತು. ಅವರು ಹಾಳೆಗಳನ್ನು ಮಗುಚಿ ಮಗುಚಿ ನೋಡಿದರು. ಕೊನೆಯ ಹಾಳೆ ಮುಚ್ಚಿ, “ಈ ಪಟ್ಟಿಗೋಸ್ಕರ ನಾನು ನಾಲ್ಕು ವರ್ಷದಿಂದ ಕಾಗದ ಬರೀತಾ ಇದೀನಿ. ನಾಳೆ ಏಳು ಗಂಟೆಗೆ ಮಕ್ಕಳನ್ನ ಬರಹೇಳಿ” ಎಂದರು.

“ಆ ಕೋಣೆಯಿಂದ ಹೊರಗೆ ಬಂದವಳು ನನ್ನ ಮೇಜಿಗೆ ಹೋಗಲಿಲ್ಲ” ಎನ್ನುತ್ತಾರೆ ಟೈಪಿಸ್ಟಮ್ಮ. “ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೆಡ್ ಕ್ಲಾರ್ಕು ಎಲ್ಲಿಂದಲೋ ಒಂದು ಲೋಟ ಟೀ ತಂದುಕೊಟ್ಟರು. ಚಿಪ್ಪಿನ ವಿಷಯ ಎತ್ತಲಿಲ್ಲ.”

ಏಳು ವರ್ಷ, ವರ್ಷಕ್ಕೆ ಮೂರು ತಂಡ, ತಂಡಕ್ಕೆ ಒಂಬತ್ತು ಮಂದಿ. ಒಟ್ಟು ನೂರಾ ಎಂಬತ್ತೊಂಬತ್ತು. ಮಧ್ಯೆ ಬಿಟ್ಟುಹೋದವರು ಇಬ್ಬರೇ. ಗುಂಡಿ ಒತ್ತಿದ ಹುಡುಗಿ ಈಗ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಕೊಡುವ ವ್ಯವಸ್ಥೆ ನೋಡಿಕೊಳ್ಳುತ್ತಾಳೆ. ಏನೇ ಕಳಿಸುವ ಮೊದಲೂ ಪಟ್ಟಿಯನ್ನು ಮೂರು ಸಲ ಓದುತ್ತಾಳಂತೆ. “ಅಲ್ಲಿನವರಿಗೆ ನನ್ನ ಈ ಅಭ್ಯಾಸ ನೋಡಿದ್ರೆ ನಗು. ನಗಲಿ ಬಿಡಿ. ಕ್ಷಮೆ ಕೇಳಿ ಕೇಳಿ ಗಂಟಲು ಕಟ್ಟಿದ್ದು ನನಗೆ ಮಾತ್ರ ಗೊತ್ತು” ಎನ್ನುತ್ತಾಳೆ.

ಕಳೆದ ತಿಂಗಳು ಆದೇಶ ಬಂದಿದೆ. ಪರೀಕ್ಷಾರ್ಥ ಎಂಬ ಪದ ಹೋಗಿದೆ. ಇಲಾಖೆಯ ಐದೂ ವಲಯ ಕಚೇರಿಗಳಲ್ಲಿ ಇಂಟರ್ನ್‌ಶಿಪ್ ಖಾಯಂ, ಪ್ರತಿ ಕಚೇರಿಯಲ್ಲೂ ಅದಕ್ಕೊಬ್ಬ ಅಧಿಕಾರಿ. ಟೈಪಿಸ್ಟಮ್ಮ ನಿವೃತ್ತರಾಗುವುದು ಇನ್ನೆರಡು ತಿಂಗಳಿಗೆ. ತಾನು ಹೋದ ಮರುದಿನವೇ ಇದಕ್ಕೆ ಬೀಗ ಬೀಳುತ್ತದೆಂಬ ದಿಗಿಲು ಅವರ ಎದೆಯಲ್ಲಿ ಎರಡು ವರ್ಷದಿಂದ ಕುಳಿತಿತ್ತು. ಆದೇಶದ ಪ್ರತಿ ಓದಿ, ಇನ್ನೊಮ್ಮೆ ಓದಿ, ಮನೆಗೆ ಫೋನ್ ಮಾಡಿ, “ಏನಿಲ್ಲ, ಸುಮ್ಮನೆ ಮಾಡಿದೆ” ಎಂದು ಇಟ್ಟುಬಿಟ್ಟರಂತೆ.

ನಿವೃತ್ತಿಯಾದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ ಅವರ ಉತ್ತರ ಸಿದ್ಧವಾಗಿದೆ.

“ನಮ್ಮ ಮನೆ ಮುಂದಿನ ಪೈಪು ಬಹಳ ದಿನದಿಂದ ಸೋರ್ತಾ ಇದೆ. ಇಲಾಖೆಯವಳೇ ದೂರು ಕೊಟ್ಟರೆ ಬೇರೆಯವರ ಸರದಿ ಹಿಂದೆ ಹೋಗುತ್ತೆ ಅಂತ ಸುಮ್ಮನಿದ್ದೆ. ಇನ್ನು ಎಲ್ಲರ ಹಾಗೆ ಕಿಟಕಿ ಹತ್ತಿರ ಹೋಗಿ ಬರೆಸ್ತೀನಿ. ನನ್ನ ನಂಬರು ಎಷ್ಟಾದ್ರೂ ಇರಲಿ, ಅವಸರ ಏನಿಲ್ಲ. ಆ ಪಟ್ಟಿ ನಮ್ಮ ಮಕ್ಕಳು ಮಾಡಿದ್ದು. ಸರದಿ ಬಂದ ದಿನ ಜನ ಬಂದೇ ಬರ್ತಾರೆ.”